ಗಣಕಯಂತ್ರದಲ್ಲಿ ಸಂಖ್ಯೆಗಳ ನಿಖರತೆಯ ಮಿತಿ: ಒಂದು ಚಾರಿತ್ರಿಕ ಅವಲೋಕನ

ಗಣಕಯಂತ್ರವು ಲೆಕ್ಕದಲ್ಲಿ ತಪ್ಪುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಹತ್ತರಲ್ಲಿ ಒಂದು ಎಂಬಷ್ಟು ಸರಳವಾದ ಸಂಖ್ಯೆಯನ್ನೇ ಅದು ಸಾಮಾನ್ಯವಾಗಿ ಯಥಾವತ್ತಾಗಿ ಇರಿಸಿಕೊಳ್ಳಲಾರದು. ದಶಮಾನ ಪದ್ಧತಿಯಲ್ಲಿ ಮೂರರಲ್ಲಿ ಒಂದನ್ನು 0.333 ಎಂದು ಮುಗಿವಿಲ್ಲದೆ ಬರೆಯಬೇಕಾಗುವಂತೆ, ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ 0.1 ಎಂಬುದು 0.000110011 ಎಂದು ಆರಂಭವಾಗಿ ಕೊನೆಯಿಲ್ಲದೆ ಸಾಗುತ್ತದೆ. ಛೇದವು ಎರಡರ ಘಾತವಾಗಿರುವ ಭಿನ್ನರಾಶಿಗಳು ಮಾತ್ರ ಅಲ್ಲಿ ಕೊನೆಗೊಳ್ಳುತ್ತವೆ. ಯಂತ್ರದ ಸ್ಥಳ ಮಿತವಾದುದರಿಂದ ಈ ಸರಣಿಯನ್ನು ಎಲ್ಲಿಯಾದರೂ ಕತ್ತರಿಸಲೇಬೇಕು. ಎಲ್ಲಿ, ಹೇಗೆ ಕತ್ತರಿಸಬೇಕೆಂಬುದು ಮಾತ್ರ ಮನುಷ್ಯರು ವಾದಿಸಿ ತೀರ್ಮಾನಿಸಿದ ವಿಷಯ.

ಅತಿ ದೊಡ್ಡ ಹಾಗೂ ಅತಿ ಚಿಕ್ಕ ಸಂಖ್ಯೆಗಳನ್ನು ಒಂದೇ ಅಳತೆಯ ಜಾಗದಲ್ಲಿ ಹಿಡಿಸಲು, ಅಂಕಿಗಳನ್ನು ಒಂದೆಡೆಯೂ ಬಿಂದುವಿನ ಸ್ಥಾನವನ್ನು ಸೂಚಿಸುವ ಘಾತಾಂಕವನ್ನು ಇನ್ನೊಂದೆಡೆಯೂ ಇರಿಸುವ ಕ್ರಮಕ್ಕೆ ಫ್ಲೋಟಿಂಗ್ ಪಾಯಿಂಟ್ ಎಂದು ಹೆಸರು. ಜರ್ಮನಿಯ ಕೊನ್ರಾಡ್ ತ್ಸೂಸೆ 1941ರಲ್ಲಿ ಬರ್ಲಿನ್ನಿನಲ್ಲಿ ಪೂರ್ಣಗೊಳಿಸಿದ ಜೆಡ್-3 ಯಂತ್ರವು ಈ ಕ್ರಮದಲ್ಲಿಯೇ ಪ್ರತಿ ಸಂಖ್ಯೆಗೆ 22 ಬಿಟ್‌ಗಳನ್ನು ಬಳಸಿತು. ಮುಂದಿನ ದಶಕಗಳಲ್ಲಿ ತಯಾರಕರು ತಮಗೆ ತೋಚಿದ ಮಾರ್ಗ ಹಿಡಿದರು. ಐಬಿಎಂ ಸಂಸ್ಥೆಯು 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಶ್ರೇಣಿಯು ಹದಿನಾರರ ಮಾನವನ್ನು ಆಧರಿಸಿತ್ತು. ಅದರ ದೀರ್ಘ ಸಂಖ್ಯೆಗಳ ವ್ಯವಕಲನದಲ್ಲಿ ಇರಬೇಕಾದ ಒಂದು ಹೆಚ್ಚುವರಿ ಕಾವಲು ಅಂಕಿಯೇ ಇರಲಿಲ್ಲ. ಬಳಕೆದಾರರ ಆಕ್ಷೇಪಣೆಯ ನಂತರ ಸಂಸ್ಥೆಯು ಈಗಾಗಲೇ ಸ್ಥಾಪಿತವಾಗಿದ್ದ ಯಂತ್ರಗಳನ್ನು ಸ್ವಂತ ಖರ್ಚಿನಲ್ಲಿ ತಿದ್ದಿಕೊಡಬೇಕಾಯಿತು. ಒಂದೇ ಪ್ರೋಗ್ರಾಂ ಎರಡು ಯಂತ್ರಗಳಲ್ಲಿ ಎರಡು ಉತ್ತರ ನೀಡುವುದು ಅಂದಿನ ವಿಜ್ಞಾನಿಗಳಿಗೆ ಅಚ್ಚರಿಯ ಸಂಗತಿಯಾಗಿರಲಿಲ್ಲ.

ಈ ಅರಾಜಕತೆಗೆ ಅಂತ್ಯ ಹಾಡಿದ ಪ್ರಯತ್ನದ ಕೇಂದ್ರದಲ್ಲಿದ್ದವರು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್. ಇಂಟೆಲ್ ಸಂಸ್ಥೆಯ 8087 ಚಿಪ್ಪಿಗೆ ಸಲಹೆಗಾರರಾಗಿದ್ದ ಅವರು ಜೆರೋಮ್ ಕೂನೆನ್ ಮತ್ತು ಹೆರಾಲ್ಡ್ ಸ್ಟೋನ್ ಅವರೊಡನೆ ಮಾನಕದ ಕರಡನ್ನು ರಚಿಸಿದರು. ತೀವ್ರ ವಿವಾದ ಎದ್ದದ್ದು ಶೂನ್ಯಕ್ಕೆ ಅತಿ ಸಮೀಪದ ಸಂಖ್ಯೆಗಳ ಬಗ್ಗೆ. ಅವುಗಳನ್ನು ಒಮ್ಮೆಗೇ ಶೂನ್ಯವೆಂದು ಬಿಡಬೇಕೇ, ಅಥವಾ ಒಂದೊಂದೇ ಅಂಕಿ ಕಳೆದುಕೊಳ್ಳುತ್ತ ಕ್ರಮೇಣ ಶೂನ್ಯಕ್ಕಿಳಿಸಬೇಕೇ? ಕ್ರಮೇಣ ಇಳಿಸಿದರೆ ಎರಡು ಭಿನ್ನ ಸಂಖ್ಯೆಗಳ ವ್ಯತ್ಯಾಸವು ಎಂದಿಗೂ ಶೂನ್ಯವಾಗದು. ಇದನ್ನು ವಿರೋಧಿಸಿದ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಯು ಪರಿಶೀಲನೆಗೆಂದು ನೇಮಿಸಿದ ತಜ್ಞ ಜಿ. ಡಬ್ಲ್ಯೂ. ಸ್ಟೀವರ್ಟ್ 1981ರಲ್ಲಿ ಕಹಾನ್ ಪಕ್ಷವನ್ನೇ ಎತ್ತಿಹಿಡಿದುದು ಸ್ವಾರಸ್ಯಕರ. ಮಾನಕವು ಐಇಇಇ 754 ಎಂಬ ಹೆಸರಿನಲ್ಲಿ 1985ರಲ್ಲಿ ಅಂಗೀಕೃತವಾಯಿತು. ಅದರ 64 ಬಿಟ್ ರೂಪದಲ್ಲಿ ಸಾರ್ಥಕ ಬಿಟ್‌ಗಳು 53. ದಶಮಾನದಲ್ಲಿ ಇದು 15-16 ಅಂಕಿಗಳ ನಿಖರತೆ. 9007199254740992ರ ಆಚೆಗೆ ಎಲ್ಲ ಪೂರ್ಣಾಂಕಗಳಿಗೂ ಅಲ್ಲಿ ಸ್ಥಳವಿಲ್ಲ. 0.1 ಮತ್ತು 0.2ರ ಮೊತ್ತ 0.30000000000000004 ಎಂದು ಕಾಣಿಸಿಕೊಳ್ಳುವುದು ಯಂತ್ರದ ದೋಷವಲ್ಲ, ಮಾನಕವು ವಿಧಿಸಿದ ಫಲಿತಾಂಶವೇ ಅದು.

ಮಾನಕವಿದ್ದ ಮಾತ್ರಕ್ಕೆ ಅಪಾಯ ನೀಗಲಿಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯು ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಮಡಿದರು. ಅಲ್ಲಿ ಬಳಕೆಯಲ್ಲಿದ್ದುದು ಫ್ಲೋಟಿಂಗ್ ಪಾಯಿಂಟ್ ಅಲ್ಲ, ಬಿಂದುವು ನಿಂತಲ್ಲೇ ನಿಲ್ಲುವ 24 ಬಿಟ್ ಕ್ರಮ; ಆದರೆ ರೋಗದ ಮೂಲ ಒಂದೇ. ಗಡಿಯಾರವು ಸೆಕೆಂಡಿನ ಹತ್ತನೆಯ ಭಾಗಗಳನ್ನು ಎಣಿಸುತ್ತಿತ್ತು. ಆ ಎಣಿಕೆಯನ್ನು ಕತ್ತರಿಸಿದ 0.1ರಿಂದ ಗುಣಿಸಿ ಸೆಕೆಂಡುಗಳಾಗಿ ಪರಿವರ್ತಿಸಲಾಗುತ್ತಿತ್ತು. ಪ್ರತಿ ಎಣಿಕೆಗೂ ಕಳೆದುಹೋಗುತ್ತಿದ್ದುದು ಸುಮಾರು 0.000000095 ಸೆಕೆಂಡು. ನೂರು ಗಂಟೆಗಳ ಸತತ ಚಾಲನೆಯಲ್ಲಿ 36 ಲಕ್ಷ ಎಣಿಕೆಗಳಾಗಿ ಅದು 0.34 ಸೆಕೆಂಡಿಗೆ ಬೆಳೆಯಿತು. ರೇಡಾರ್ ಕ್ಷಿಪಣಿಯನ್ನು ಹುಡುಕಬೇಕಾದ ವಲಯ 687 ಮೀಟರ್ ಸರಿದುಹೋಯಿತು.

ಇಷ್ಟನ್ನೇ ಹೇಳಿ ನಿಲ್ಲಿಸುವ ವಿವರಣೆಗಳು ಅಪೂರ್ಣ. ಎರಡು ಕಾಲಗಳಲ್ಲಿಯೂ ಒಂದೇ ಬಗೆಯ ದೋಷವಿದ್ದಿದ್ದರೆ ವ್ಯವಕಲನದಲ್ಲಿ ಅದು ಬಹುಪಾಲು ಅಳಿದುಹೋಗುತ್ತಿತ್ತು. ರಾಬರ್ಟ್ ಸ್ಕೀಲ್ 1992ರಲ್ಲಿ ತೋರಿಸಿದಂತೆ, ಹೆಚ್ಚು ನಿಖರವಾದ ಹೊಸ ಪರಿವರ್ತನೆಯನ್ನು ಪ್ರೋಗ್ರಾಮಿನ ಕೆಲವೆಡೆ ಸೇರಿಸಿ ಕೆಲವೆಡೆ ಬಿಡಲಾಗಿತ್ತು. ಅರ್ಧ ತಿದ್ದುಪಡಿಯೇ ದೋಷವನ್ನು ಬಯಲಿಗೆ ತಂದಿತು. ಅದೇ ವರ್ಷ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ನೀಡಿದ ವರದಿಯ ಪ್ರಕಾರ, ಇಸ್ರೇಲಿನಿಂದ ಈ ವಿಚಲನೆಯ ಮಾಹಿತಿ ದುರಂತಕ್ಕೆ ಎರಡು ವಾರ ಮುಂಚೆಯೇ ಬಂದಿತ್ತು. ಅತಿ ದೀರ್ಘ ಚಾಲನೆ ಬೇಡವೆಂದು ಫೆಬ್ರವರಿ 21ರಂದು ಕಳುಹಿಸಿದ ಸೂಚನೆಯಲ್ಲಿ, ಎಷ್ಟು ಗಂಟೆ ದಾಟಿದರೆ ಅತಿ ದೀರ್ಘವೆಂಬುದೇ ಇರಲಿಲ್ಲ. ತಿದ್ದಿದ ಪ್ರೋಗ್ರಾಂ ಧಹ್ರಾನನ್ನು ತಲುಪಿದ್ದು 26ರಂದು.

ಹಣದ ಲೆಕ್ಕಕ್ಕೆ ದ್ವಿಮಾನವು ಒಗ್ಗದೆಂಬುದನ್ನು ಮನಗಂಡು 2008ರ ಪರಿಷ್ಕೃತ ಮಾನಕವು ದಶಮಾನ ರೂಪಗಳನ್ನೂ ಸೇರಿಸಿತು. ಅಲ್ಲಿ 0.1 ನಿಖರವಾಗಿಯೇ ಉಳಿಯುತ್ತದೆ, ಮೂರರಲ್ಲಿ ಒಂದು ಉಳಿಯುವುದಿಲ್ಲ. ಬಹುಪಾಲು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮಾತ್ರ ಬಿಂದುವಿರುವ ಸಂಖ್ಯೆಯನ್ನು ಬರೆದೊಡನೆ ಇಂದಿಗೂ ಅದು ಇಳಿಯುವುದು 53 ಬಿಟ್‌ಗಳ ಆ ದ್ವಿಮಾನದ ಅಚ್ಚಿಗೇ.