ಪಳ್ಳಿ, ಬಡಿ, ಶಾಲೆ

ಹೊಸೂರು ಸೀಮೆಯಲ್ಲಿ ಅಕ್ಷರ ಕಲಿಸುವ ಮನೆಗೆ ಮೂರು ಹೆಸರುಗಳಿವೆ. ತಮಿಳರಿಗೆ ಅದು ಪಳ್ಳಿ, ತೆಲುಗರಿಗೆ ಬಡಿ, ನಮಗೆ ಶಾಲೆ. ಪಳ್ಳಿ ಎಂಬ ಮಾತು ನಮಗೆ ಪರಕೀಯವೇನಲ್ಲ. ಹಳಗನ್ನಡದ ‘ಪಳ್ಳಿ’ಯೇ ಇಂದಿನ ‘ಹಳ್ಳಿ’. ಬಡಿ ಎಂಬುದಂತೂ ನಮ್ಮ ನುಡಿಯಲ್ಲಿ ಬೆತ್ತದ ಕೆಲಸ. ನೆರೆಮನೆಯ ತೆಲುಗು ಹುಡುಗ “ಬಡಿಕಿ ಪೋದಾಂ ರಾ” ಎಂದು ಅಕ್ಕರೆಯಿಂದ ಕರೆದರೆ ಕನ್ನಡದ ಹುಡುಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ ಎಂಬ ವಿನೋದವನ್ನು ಈ ಸೀಮೆಯಲ್ಲಿ ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಶಾಲೆಗೆ ನೂರು ತುಂಬಿದೆ. ಕಟ್ಟಡಗಳ, ದಾನಿಗಳ, ಮುಖ್ಯೋಪಾಧ್ಯಾಯರ ವಿವರಗಳು ಈ ಸಂಪುಟದ ಬೇರೆ ಪುಟಗಳಲ್ಲಿವೆ. ಇಲ್ಲಿ ನಾವು ಹೇಳಹೊರಟಿರುವುದು ಗಡಿಸೀಮೆಯ ಕನ್ನಡ ಶಾಲೆಯ ಮಕ್ಕಳು ಹೇಗೆ ಓದಿದರು, ಯಾವುದಕ್ಕೆ ನಕ್ಕರು, ಏನನ್ನು ಗಳಿಸಿದರು ಎಂಬ ಕಥೆಯನ್ನು. ಹಾಗೆಯೇ, ಆ ಕಥೆ ಮುಂದುವರಿಯಬೇಕಾದರೆ ಏನು ಬೇಕು ಎಂಬುದನ್ನೂ.

ಮೂರು ಜಿಲ್ಲೆ ಕಂಡ ಶಾಲೆ

ಹಿಂದಿನ ಆಡಳಿತಗಾರರು ಸೇಲಂ ಜಿಲ್ಲೆಯನ್ನು ಮೂರು ಭಾಗಗಳಾಗಿ ಎಣಿಸುತ್ತಿದ್ದರು: ಘಟ್ಟದ ಮೇಲಿನ ಬಾಲಾಘಾಟ್, ನಡುವಣ ಬಾರಾಮಹಲ್, ಕೆಳಗಿನ ತಳಘಾಟ್. ಕೃಷ್ಣಗಿರಿ ಬಾರಾಮಹಲಿನದು, ಹೊಸೂರು ಬಾಲಾಘಾಟಿನದು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಯ ವಶವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಾಲಾಘಾಟ್ ಕೂಡ ಅತ್ತಲೇ ಸೇರಿತು. ಅಂದಿನಿಂದ ಹೊಸೂರಿನ ಮಣ್ಣು, ಹವೆ, ರಾಗಿಹೊಲಗಳು ಮೈಸೂರು ಪ್ರಸ್ಥಭೂಮಿಯವಾಗಿಯೇ ಉಳಿದವು. ಕಂದಾಯ ಮಾತ್ರ ಮದ್ರಾಸಿಗೆ ಹೋಯಿತು. ಸುಮಾರು 3000 ಅಡಿ ಎತ್ತರದಲ್ಲಿರುವ ಈ ಊರಿನ ಹೆಸರೇ ‘ಹೊಸ ಊರು’. ತಮಿಳು ಬರವಣಿಗೆಯಲ್ಲಿ ನಮ್ಮ ‘ಹ’ಕಾರ ಉದುರಿ ಅದು ‘ಓಸೂರ್’ ಆಗಿದೆ. ಶಾಲೆಯ ನಾಮಫಲಕದಲ್ಲಿ ಎರಡು ರೂಪಗಳನ್ನೂ ಓದುತ್ತಲೇ ಬೆಳೆದ ಮಕ್ಕಳಿಗೆ ಒಂದೇ ಊರು ಎರಡು ಬಗೆಯಾಗಿ ಬರೆಯಲ್ಪಡುವುದು ಸಹಜವೆಂದೇ ತೋರಿತು.

ಶಾಲೆ ಇದ್ದಲ್ಲಿಯೇ ಇತ್ತು, ಜಿಲ್ಲೆಗಳು ಬದಲಾದವು. 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಅಜ್ಜ, ಮಗ, ಮೊಮ್ಮಗ ಒಂದೇ ಬಾಗಿಲಿನಿಂದ ಹೊರಬಿದ್ದರೂ ಮೂವರ ವರ್ಗಾವಣೆ ಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರಿರುವುದು ಇಲ್ಲಿ ಅಪರೂಪವಲ್ಲ. ರೈಲೂ ಹೀಗೆಯೇ ಬಂದು ಹೋಯಿತು. ಮೊರಪ್ಪೂರಿನಿಂದ 1906ರಲ್ಲಿ ಧರ್ಮಪುರಿಗೆ ಬಂದ ಎರಡೂವರೆ ಅಡಿ ಅಗಲದ ಕಿರುಹಳಿ 1913ರಲ್ಲಿ ಹೊಸೂರನ್ನು ಮುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಆ ದಾರಿ ಮುಚ್ಚಿತು. ಭೂಗೋಳದ ಪಾಠದಲ್ಲಿ ರೈಲುಮಾರ್ಗ ಗುರುತಿಸಲು ಕಲಿತ ಮಕ್ಕಳು ಪರೀಕ್ಷೆಯ ಹೊತ್ತಿಗೆ ಅದನ್ನು ಅಳಿಸಬೇಕಾಯಿತು.

ಮೇಷ್ಟ್ರು, ವಾದ್ಯಾರ್, ಅಯ್ಯವಾರು

ಪಾಠ ಹೇಳುವವರಿಗೂ ಇಲ್ಲಿ ಮೂರು ಹೆಸರು. ಕನ್ನಡದ ಮನೆಯಲ್ಲಿ ಮೇಷ್ಟ್ರು, ತಮಿಳರ ಮನೆಯಲ್ಲಿ ವಾದ್ಯಾರ್, ತೆಲುಗರ ಮನೆಯಲ್ಲಿ ಅಯ್ಯವಾರು. ಎದುರಿಗೆ ನಿಂತಾಗ ಮೂವರ ಬಾಯಲ್ಲೂ ‘ಸಾರ್’. ಊರಿನ ಸಂತೆಯಲ್ಲಿ ಉರ್ದುವೂ ಸೇರಿ ನಾಲ್ಕು ನುಡಿಗಳು ಕಿವಿಗೆ ಬೀಳುತ್ತಿದ್ದುದರಿಂದ ನಮ್ಮ ಮಕ್ಕಳು ವ್ಯಾಕರಣಕ್ಕೆ ಮುಂಚೆಯೇ ಭಾಷಾಂತರವನ್ನು ಕಲಿತರು. ‘ಬಾ’ ಎಂದರೆ ಮನೆ, ‘ವಾ’ ಎಂದರೆ ಅಂಗಡಿ, ‘ರಾ’ ಎಂದರೆ ಗೆಳೆಯ ಎಂದು ಕರೆದವರನ್ನು ನೋಡದೆಯೇ ಗುರುತಿಸುತ್ತಿದ್ದರು.

ಶಾಲೆಯ ನಗೆಯೆಲ್ಲ ಇಲ್ಲಿಯೇ ಹುಟ್ಟಿತು. ತಮಿಳಿನಲ್ಲಿ ‘ಪಾಡು’ ಎಂದರೆ ಹಾಡು. ಗಾಯನ ಸ್ಪರ್ಧೆಯಲ್ಲಿ ತೀರ್ಪುಗಾರರು “ಪಾಡು” ಎಂದಾಗ, ಕಂಠ ಕಟ್ಟಿದ್ದ ಹುಡುಗನೊಬ್ಬ “ನನ್ನ ಪಾಡು ಹೇಳತೀರದು ಸಾರ್” ಎಂದನಂತೆ. ಅಮ್ಮ ಸೊಪ್ಪು ತರಲು ಕಳುಹಿಸಿದರೆ ಅಂಗಡಿಯವನು ಸೋಪು ಕಟ್ಟಿಕೊಟ್ಟ ಕಥೆಯನ್ನು ಪ್ರತಿ ತಲೆಮಾರೂ ತನ್ನದೇ ತರಗತಿಯಲ್ಲಿ ನಡೆದುದೆಂದು ಹೇಳಿಕೊಂಡಿದೆ. ತಮಿಳಿನಲ್ಲಿ ‘ಪಳ್ಳಿ’ ಶಾಲೆ, ‘ಪಲ್ಲಿ’ ಹಲ್ಲಿ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆ ತಮಿಳು ಲಿಪಿಗಿಲ್ಲವಾದರೂ ‘ಲ’ ‘ಳ’ಗಳ ವಿಷಯದಲ್ಲಿ ಅದು ಕನ್ನಡದಷ್ಟೇ ಕಟ್ಟುನಿಟ್ಟು, ನಾಲಿಗೆ ಜಾರಿದರೆ ಹಲ್ಲಿಗೆ ಸೇರಿಕೊಂಡು ವಿದ್ಯೆ ಕಲಿತಂತಾಗುತ್ತಿತ್ತು. ನಮ್ಮ ‘ಕಲಿ’ಗೂ ರಾಗಿಮುದ್ದೆಗೆ ತಮಿಳರಿಡುವ ‘ಕಳಿ’ ಎಂಬ ಹೆಸರಿಗೂ ನಡುವೆ ಅಷ್ಟೇ ಅಂತರ. ಮಧ್ಯಾಹ್ನದ ಗಂಟೆ ಸಮೀಪಿಸಿದಂತೆ ಆ ಅಂತರ ಇನ್ನಷ್ಟು ಕಡಿಮೆಯಾಗುತ್ತಿತ್ತು.

ತಡವಾಗಿ ಬಂದವರ ನೆಪಗಳಿಗೂ ಈ ಸೀಮೆಯ ಮುದ್ರೆಯಿತ್ತು. ಮಳೆಗಾಲ ಮುಗಿದು ರಾಗಿ ತೆನೆಯೊಡೆಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ಜವಳಗಿರಿ, ತಳಿ, ಸಾನಮಾವು ಕಾಡುಗಳಿಗೆ ದಾಟುತ್ತವೆ. ರಾತ್ರಿಯೆಲ್ಲ ಹೊಲ ಕಾಯ್ದ ಮನೆಯ ಮಕ್ಕಳು ಬೆಳಗ್ಗೆ “ಆನೆ ಬಂದಿತ್ತು ಸಾರ್” ಎನ್ನುತ್ತಿದ್ದರು. ಬೇರೆ ಯಾವ ಊರಿನಲ್ಲಾದರೂ ಅದು ಬೆಂಚಿನ ಮೇಲೆ ನಿಲ್ಲಿಸಲು ಸಾಕಾಗುವ ಸುಳ್ಳು. ಇಲ್ಲಿ ಅದು ಎಷ್ಟೋ ಸಲ ನಿಜ. ಕಾಡಂಚಿನ ಹಳ್ಳಿಯ ಹುಡುಗನಿಗೆ ಸಲ್ಲುತ್ತಿದ್ದ ಈ ರಿಯಾಯಿತಿಯನ್ನು ಪೇಟೆಯ ಬಸ್ ನಿಲ್ದಾಣದ ಹಿಂದೆ ಮನೆಯಿದ್ದವರೂ ಕೇಳಿ ನೋಡುತ್ತಿದ್ದರೆಂಬುದು ಬೇರೆ ಮಾತು.

ಹಬ್ಬಗಳ ಲೆಕ್ಕವೂ ಎರಡೆರಡು. ಯುಗಾದಿಗೆ ಒಂದು ಹೊಸ ವರ್ಷ, ಏಪ್ರಿಲ್ ನಡುವೆ ತಮಿಳರ ಇನ್ನೊಂದು. ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ತೇರು ಎಳೆಯುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳ ಆಸುಪಾಸಿನಲ್ಲಿ, ಅಂದರೆ ಸಾರ್ವಜನಿಕ ಪರೀಕ್ಷೆಯ ಹೊಸಿಲಿನಲ್ಲಿ. ಓದುವವರು ಮನೆಯಲ್ಲಿರಲಿ ಎಂದು ಉಪಾಧ್ಯಾಯರು ಹೇಳುತ್ತಿದ್ದರು. ಹೇಳಿದವರನ್ನೂ ಕೇಳಿದವರನ್ನೂ ತೇರಿನ ಹಗ್ಗದ ಬಳಿ ಒಟ್ಟಿಗೆ ಕಾಣಬಹುದಾಗಿತ್ತು.

ಒಂದು ಯುದ್ಧ, ಎರಡು ಪುಸ್ತಕ

ನಮ್ಮ ಮಕ್ಕಳು ಓದುವ ಪಠ್ಯಪುಸ್ತಕ ಕರ್ನಾಟಕದ್ದಲ್ಲ. ತಮಿಳುನಾಡು ಸರ್ಕಾರ ಕನ್ನಡದಲ್ಲಿ ಅಚ್ಚು ಮಾಡಿಸುವ ಪುಸ್ತಕ. ಲಿಪಿ ಕನ್ನಡದ್ದು, ಒಳಗಿನ ಇತಿಹಾಸ ಹೆಚ್ಚಾಗಿ ಚೇರ ಚೋಳ ಪಾಂಡ್ಯ ಪಲ್ಲವರದು. ರಜೆಯಲ್ಲಿ ಆನೇಕಲ್ಲಿಗೋ ಮಾಲೂರಿಗೋ ಹೋದಾಗ ಸೋದರಮಾವನ ಮಕ್ಕಳ ಪುಸ್ತಕದಲ್ಲಿ ಕದಂಬರು, ಚಾಲುಕ್ಯರು. ಅಲ್ಲಿ ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ ವೀರ. ಇಲ್ಲಿ 642ರಲ್ಲಿ ಬಾದಾಮಿಯನ್ನು ಗೆದ್ದು ‘ವಾತಾಪಿಕೊಂಡ’ ಎನಿಸಿಕೊಂಡ ಪಲ್ಲವ ನರಸಿಂಹವರ್ಮನೇ ವೀರ. ಜಗಲಿಯ ಮೇಲೆ ಕುಳಿತು ಸೋದರಬಂಧುಗಳು ಆ ಯುದ್ಧವನ್ನು ಮತ್ತೆ ಹೂಡುತ್ತಿದ್ದರು. ಆದರೆ ಗಡಿಯ ಈಚೆಯ ಮಗುವಿಗೆ ಒಂದು ಲಾಭವಿತ್ತು: ಅದಕ್ಕೆ ಎರಡೂ ಕಡೆಯ ಕಥೆ ಗೊತ್ತಿತ್ತು. ಒಬ್ಬರ ಗೆಲುವು ಇನ್ನೊಬ್ಬರ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ ಎಂಬ ಚರಿತ್ರೆಯ ಪಾಠವನ್ನು ಅದು ಯಾರೂ ಕಲಿಸದೆಯೇ ಕಲಿಯಿತು.

ಸಾಧನೆ ಎಂದರೆ

ಹೊಸೂರು ಸೀಮೆಯ ವಿದ್ಯಾರ್ಥಿಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಚಕ್ರವರ್ತಿ ರಾಜಗೋಪಾಲಾಚಾರಿಯವರದು. 1878ರಲ್ಲಿ ತೊರಪಳ್ಳಿಯಲ್ಲಿ ಹುಟ್ಟಿದ ಅವರು ಹಳ್ಳಿಯ ಶಾಲೆಯಿಂದ ಹೊಸೂರಿನ ಸರ್ಕಾರಿ ಶಾಲೆಗೆ ಬಂದರು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ, ಮದ್ರಾಸಿಗೆ ಹೋದರು. 1948ರಲ್ಲಿ ಭಾರತದ ಗವರ್ನರ್ ಜನರಲ್ ಆದರು. ಆ ಪದವಿಗೇರಿದ ಭಾರತೀಯರು ಅವರೊಬ್ಬರೇ. ಮುಖ್ಯಮಂತ್ರಿಯಾಗಿದ್ದಾಗ 1953ರಲ್ಲಿ ಅವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಅರ್ಧ ದಿನದ ಪಾಠದ ಯೋಜನೆಯನ್ನು ತಂದರು. ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲೆಂಬುದು ಅದರ ಆಶಯ. ಅರ್ಧ ದಿನದ ಶಾಲೆ ಯಾವ ಮಗುವಿಗೆ ಬೇಡ! ಆದರೆ ಅದು ಮಕ್ಕಳನ್ನು ಹೆತ್ತವರ ಕಸುಬಿಗೇ ಕಟ್ಟಿಹಾಕುತ್ತದೆಂಬ ಪ್ರತಿಭಟನೆ ಬಲವಾಯಿತು. ಮರುವರ್ಷ ಕಾಮರಾಜರು ಅಧಿಕಾರಕ್ಕೆ ಬಂದು ಅದನ್ನು ಹಿಂತೆಗೆದುಕೊಂಡರು. ನಮ್ಮ ತಾಲ್ಲೂಕು ಶಿಕ್ಷಣಕ್ಕೆ ಕೊಟ್ಟ ಅತಿ ದೊಡ್ಡ ಹೆಸರೂ ಅತಿ ದೊಡ್ಡ ವಿವಾದವೂ ಒಬ್ಬರದೇ.

ನಮ್ಮ ಶಾಲೆಯ ಸಾಧನೆಯನ್ನು ನಾವು ಅಳೆಯುವುದು ಬೇರೊಂದು ಸೇರಿನಿಂದ. ಸಿಕ್ಸ್ತ್ ಫಾರಂ ಕಾಲದ ಹಿರಿಯರು ಹನ್ನೊಂದನೆಯ ವರ್ಷಕ್ಕೆ ಎಸ್ಸೆಸ್ಸೆಲ್ಸಿ ಬರೆದವರು. 1978ರಲ್ಲಿ ಪ್ಲಸ್ ಟೂ ಬಂದ ಮೇಲೆ ಅದು ಹತ್ತಕ್ಕೆ ಇಳಿಯಿತು. ಎರಡೂ ಕಾಲದಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಅಂಕಪಟ್ಟಿ ಹಿಡಿದ ಮಗುವೇ ನಮ್ಮ ದೊಡ್ಡ ಗೆಲುವು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಸರ್ಕಾರ ಪೌಷ್ಟಿಕ ಊಟದ ಯೋಜನೆಯನ್ನು ಆರಂಭಿಸಿದಾಗ ಹಸಿವಿನಿಂದ ಶಾಲೆ ಬಿಡುತ್ತಿದ್ದವರು ಉಳಿದುಕೊಂಡರು. ಅದೇ ದಶಕದಲ್ಲಿ ಹೊಸೂರಿನ ಸಿಪ್ಕಾಟ್‌ನಲ್ಲಿ ಲಾರಿ, ಮೊಪೆಡ್, ಕೈಗಡಿಯಾರಗಳ ಕಾರ್ಖಾನೆಗಳು ಬೆಳೆದವು. ರಾಗಿ ಬೆಳೆದವರ ಮಕ್ಕಳು ಐಟಿಐ ಮುಗಿಸಿ ಪಾಳಿ ಕೆಲಸಕ್ಕೆ ಹೋದರು. ಶಾಲೆಯ ಗಂಟೆಗೆ ತಡವಾಗಿ ಬರುತ್ತಿದ್ದವರು ಊರಿಗೆಲ್ಲ ಸಮಯ ತೋರುವ ಗಡಿಯಾರ ಜೋಡಿಸಿದರು ಎಂದು ಹಳೆಯ ಮೇಷ್ಟ್ರುಗಳು ಹೆಮ್ಮೆಯಿಂದಲೇ ಹಾಸ್ಯ ಮಾಡುತ್ತಿದ್ದರು. ಉಪಾಧ್ಯಾಯರಾದವರು, ದಾದಿಯರಾದವರು, ಅತ್ತಿಬೆಲೆ ದಾಟಿ ಬೆಂಗಳೂರಿನಲ್ಲಿ ನೆಲೆಸಿದವರು ಎಷ್ಟೋ ಮಂದಿ. ಮೂರು ಭಾಷೆ ಬಲ್ಲವರೆಂಬ ಒಂದೇ ಕಾರಣಕ್ಕೆ ಕೌಂಟರಿನಲ್ಲಿ ಕೂರಿಸಲ್ಪಟ್ಟವರೂ ಇದ್ದಾರೆ.

ಕರ್ನಾಟಕದ ಸಿಇಟಿ ನಿಯಮಗಳಲ್ಲಿ ನಾವು ‘ಗಡಿನಾಡು ಕನ್ನಡಿಗರು’. ತಮಿಳುನಾಡಿನ ಕಡತಗಳಲ್ಲಿ ‘ಭಾಷಾ ಅಲ್ಪಸಂಖ್ಯಾತರು’. ಕಾವೇರಿಯ ವಿವಾದ ಕಾವೇರಿದಾಗ, 1991ರಲ್ಲಿಯೂ 2016ರಲ್ಲಿಯೂ, ಬಸ್ಸುಗಳು ಗಡಿಯ ಎರಡು ಬದಿಯಲ್ಲಿ ನಿಂತವು. ಹಾಗೆ ಬಸ್ಸು ನಿಂತ ದಿನಗಳಲ್ಲಿ ಗಂಟು ಹೊತ್ತು ಗಡಿಯನ್ನು ನಡೆದು ದಾಟುವುದು ಎರಡೂ ಕಡೆಯ ಬಂಧುಗಳಿಗೆ ತಪ್ಪಲಿಲ್ಲ.

ಹತ್ತನೆಯ ಮಗು

ಇನ್ನು ಮುಂದಿನ ಮಾತು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತು: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಪಾಠ ಹೇಳಲು ಉಪಾಧ್ಯಾಯರಿರಬೇಕು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿ, ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದಿತು. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲೇರುತ್ತ 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ತಮಿಳು ಪತ್ರಿಕೆಯಿಂದ ವಿನಾಯಿತಿ ಕೋರಿ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ಒಂದು ವರ್ಷ ವಿಸ್ತರಿಸಿತು.

ತಮಿಳು ಕಲಿಯಲು ನಮ್ಮ ಮಕ್ಕಳು ಹಿಂಜರಿದವರಲ್ಲ. ಸಂತೆಯಲ್ಲಿ, ಮೈದಾನದಲ್ಲಿ ಅವರು ಅದನ್ನು ಕೇಳದೆಯೇ ಕಲಿತಿದ್ದಾರೆ. ನೆಲದ ನುಡಿ ಬಲ್ಲವನಿಗೆ ಕಚೇರಿಯಲ್ಲಿ ಬಾಗಿಲು ತೆರೆಯುತ್ತದೆಂಬುದನ್ನೂ ಬಲ್ಲೆವು. ನಾವು ಬಯಸುವುದು, ಮನೆಯಲ್ಲಿ ಕನ್ನಡವಾಡುವ ಮಗು ತನ್ನ ಮೊದಲ ಲೆಕ್ಕವನ್ನೂ ಮೊದಲ ಕಥೆಯನ್ನೂ ಕನ್ನಡದಲ್ಲಿ ಕಲಿಯಲಿ, ಅದಕ್ಕೆ ಬಂದ ಕನ್ನಡದ ಅಂಕಕ್ಕೆ ಬೆಲೆಯಿರಲಿ ಎಂದು.

ಕಾಯಿದೆಗಿಂತ ಹೆಚ್ಚಿನ ಕಳವಳ ನಮಗೆ ಹಾಜರಿ ಪುಸ್ತಕದ್ದು. ಹಳದಿ ಬಸ್ಸುಗಳು ಈಗ ಹಳ್ಳಿಯ ಬಾಗಿಲಿಗೇ ಬಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತಿವೆ. ಒಂಬತ್ತು ಮಕ್ಕಳ ತರಗತಿಗೂ ಹತ್ತು ಮಕ್ಕಳ ತರಗತಿಗೂ ವ್ಯತ್ಯಾಸ ಒಂದು ಮಗುವಿನದಷ್ಟೇ. ಆದರೆ ಕನ್ನಡದ ಮೇಷ್ಟ್ರೊಬ್ಬರ ಹುದ್ದೆ ಆ ಒಂದು ಮಗುವಿನ ಮೇಲೆ ನಿಂತಿರಬಹುದು. ಹೋದ ಹುದ್ದೆ ಮರಳಿ ಬರುವುದು ಕಷ್ಟ.

ಆದ್ದರಿಂದ ಪೋಷಕರಲ್ಲಿ ನಮ್ಮ ಅರಿಕೆ ಇಷ್ಟೇ: ಜೂನ್ ತಿಂಗಳಲ್ಲಿ ಮಗುವನ್ನು ಸೇರಿಸುವ ಮುನ್ನ ಒಮ್ಮೆ ನಮ್ಮ ಒಂದನೆಯ ತರಗತಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು: ಶತಮಾನೋತ್ಸವಕ್ಕೆ ಕಮಾನು ಕಟ್ಟಿಸುವ ಉತ್ಸಾಹದಲ್ಲಿ ಒಂದು ಪಾಲನ್ನು ಕಾಡಂಚಿನ ಹಳ್ಳಿಗಳ ಮಕ್ಕಳನ್ನು ಕರೆತರುವ ವಾಹನಕ್ಕೆ ಮೀಸಲಿಡಿರಿ. ಉಪಾಧ್ಯಾಯ ಮಿತ್ರರಲ್ಲಿ ಮತ್ತೊಂದು: ಆನೆ ಬಂದಿತ್ತು ಎಂದು ತಡವಾಗಿ ಬಂದ ಮಗುವನ್ನು ಬೈಯದೆ ಒಳಗೆ ಕರೆಯಿರಿ. ಆ ತರಗತಿಯ ಹತ್ತನೆಯ ಮಗು ಅದೇ ಇರಬಹುದು.