ಎರೆ, ಮಸಾರಿ, ಸವುಳು: ಗಡಿನೆಲದ ಮಣ್ಣಿನ ಮಾತು

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಹೋದವು. ಮಕ್ತಲ್, ನಾರಾಯಣಪೇಟೆಗಳು ಮೊದಲೇ ಅಲ್ಲಿದ್ದವು. ಗಡಿಯು ಆಡಳಿತವನ್ನು ವಿಭಜಿಸಿತೇ ಹೊರತು ಮಣ್ಣನ್ನಲ್ಲ. ಕನ್ನಡಿಗರ ಎರೆಯೇ ತೆಲುಗರ ರೇಗಡಿ, ಮಸಾರಿಯೇ ಚಲ್ಕ.

ಈ ಹೆಸರುಗಳು ಕಣ್ಣು ಮತ್ತು ಕೈಗಳಿಂದ ನಡೆದ ಮಣ್ಣುಪರೀಕ್ಷೆಯ ದಾಖಲೆಗಳು. ರಸಸಾರವನ್ನು ಅಳೆಯುವ ಮಾನದಂಡವನ್ನು ಡೆನ್ಮಾರ್ಕಿನ ಸೊರೆನ್ಸನ್ ರೂಪಿಸಿದ್ದು 1909ರಲ್ಲಿ. ಬಿಳಿ ಪದರ ಕಟ್ಟಿ ಬೆಳೆ ಸೊರಗಿಸುವ ನೆಲವನ್ನು ರೈತರು ಸವುಳೆಂದು ಕರೆಯುತ್ತ ಬಂದಿದ್ದಾರೆ. ಆದರೆ ಆ ಒಂದೇ ಪದ ಲವಣಯುಕ್ತ ನೆಲಕ್ಕೂ ಕ್ಷಾರಯುಕ್ತ ನೆಲಕ್ಕೂ ಸಲ್ಲುತ್ತದೆ. ಮೊದಲನೆಯದಕ್ಕೆ ಬಸಿಗಾಲುವೆ ಮತ್ತು ಸಿಹಿನೀರು ಬೇಕು. ಎರಡನೆಯದಕ್ಕೆ ಅವುಗಳ ಜೊತೆಗೆ ಜಿಪ್ಸಂ ಕೂಡ. ಈ ಭೇದವನ್ನು ತಿಳಿಸುವುದು ರಸಸಾರ ಹಾಗೂ ವಿದ್ಯುತ್ ವಾಹಕತೆಯ ಪರೀಕ್ಷೆ.

ತರಕಾರಿ ಮಡಿಗೆ ಇದು ಇನ್ನೂ ಮುಖ್ಯ; ಹೆಚ್ಚಿನ ತರಕಾರಿಗಳಿಗೆ ಸುಮಾರು 6ರಿಂದ 7.5ರ ರಸಸಾರ ಹಿತ. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಹಾಕುವ ಸಲಹೆಯನ್ನು ಪರೀಕ್ಷಿಸದೆ ಕ್ಷಾರದ ಎರೆಗೆ ಅನ್ವಯಿಸಿದರೆ ಸತು, ಕಬ್ಬಿಣಗಳ ಕೊರತೆ ಹೆಚ್ಚೀತು. ಕೊಟ್ಟಿಗೆ ಗೊಬ್ಬರವಾದರೋ ಎರಡೂ ಮಣ್ಣಿಗೆ ಒಳಿತು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡು 12 ಅಂಶಗಳನ್ನು ದಾಖಲಿಸುತ್ತದೆ. ಮಣ್ಣಿನ ದೇಶೀ ಹೆಸರಿಗೆ ಅದರಲ್ಲಿ ಸ್ಥಾನವಿಲ್ಲ. ಗಡಿಯ ಕನ್ನಡ ರೈತನಿಗೆ ಅಂಕಿಯು ಅರ್ಥವಾಗಬೇಕಾದರೆ ಎರೆ, ಮಸಾರಿ, ಸವುಳು ಎಂಬ ಮಾತುಗಳು ಅಂಕಿಯ ಪಕ್ಕದಲ್ಲಿಯೇ ಉಳಿಯಬೇಕು. ಪದಸಂಗ್ರಹವು ಇಲ್ಲಿ ಕೃಷಿಯ ಕೆಲಸವೂ ಹೌದು.