ಕೋವಿಡ್ ನಂತರದ ಉರಿಯೂತ: ಮಕ್ಕಳ ಹೃದಯವನ್ನು ನೋಡಲು ಕಲಿತ ಬಗೆ

2020ರ ಏಪ್ರಿಲ್ ನಡುಭಾಗದಲ್ಲಿ ಲಂಡನ್ನಿನ ಎವೆಲಿನಾ ಮಕ್ಕಳ ಆಸ್ಪತ್ರೆಯ ವೈದ್ಯರು ಹತ್ತೇ ದಿನಗಳ ಅಂತರದಲ್ಲಿ ಎಂಟು ಮಕ್ಕಳನ್ನು ಒಂದೇ ಬಗೆಯ ಸ್ಥಿತಿಯಲ್ಲಿ ಕಂಡರು. ಬಿಡದ ಜ್ವರ, ದದ್ದು, ಕೆಂಪೇರಿದ ಕಣ್ಣು, ಹೊಟ್ಟೆನೋವು, ಭೇದಿ. ಅದರ ಬೆನ್ನಿಗೇ ರಕ್ತದೊತ್ತಡ ಕುಸಿತ. ಆಗ ಎಲ್ಲೆಡೆ ಸುದ್ದಿಯಾಗಿದ್ದ ಉಸಿರಾಟದ ತೊಂದರೆ ಇವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಒಂದು ಮಗು ಉಳಿಯಲಿಲ್ಲ. ಮತ್ತೊಂದು ಮಗುವಿನ ಹೃದಯದ ರಕ್ತನಾಳ, ಅದು ಐ.ಸಿ.ಯು.ನಿಂದ ಹೊರಬಂದ ಮೇಲೆ, ಬಲೂನಿನಂತೆ ಊದಿಕೊಂಡಿತು. ಮೇ 7ರಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವಿವರ ಬಂತು. ಅದೇ ತಿಂಗಳು ಇಟಲಿಯ ಬೆರ್ಗಾಮೊದಿಂದ ಹತ್ತು ಮಕ್ಕಳ ವರದಿ ಬಂತು. ಕವಾಸಾಕಿ ಕಾಯಿಲೆಯನ್ನು ಹೋಲುವ ಪ್ರಕರಣಗಳು ಅಲ್ಲಿ ಮೂವತ್ತು ಪಟ್ಟು ಹೆಚ್ಚಿದ್ದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮೇ 14ರಂದು ಇದನ್ನು ‘ಎಂಐಎಸ್-ಸಿ’ ಎಂದು ಕರೆದು ಎಚ್ಚರಿಕೆ ಹೊರಡಿಸಿತು. ಅದು ಮಕ್ಕಳ ಬಹು ಅಂಗಾಂಗ ಉರಿಯೂತದ ತೊಂದರೆ. ಕೋವಿಡ್ ಸೋಂಕು ತಗುಲಿ ಎರಡರಿಂದ ಆರು ವಾರ ಕಳೆದ ಮೇಲೆ, ಮೂಗಿನ ಪರೀಕ್ಷೆ ಬಹಳ ಸಲ ನೆಗೆಟಿವ್ ಬರುವ ಹೊತ್ತಿಗೆ, ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ತರುವ ಕಾಯಿಲೆ ಇದು.

ಕಾಯಿಲೆ ಹೊಸದಾದರೂ ಅದನ್ನು ನೋಡುವ ಕಣ್ಣು ಹೊಸದಲ್ಲ. ವೈದ್ಯರು ಮೊದಲ ದಿನವೇ ಶಬ್ದತರಂಗದಿಂದ ಹೃದಯದ ಚಿತ್ರ ತೋರಿಸುವ ಎಕೋ ಯಂತ್ರದತ್ತ ಕೈಚಾಚಿದ್ದರೆ ಅದರ ಹಿಂದೆ ಜಪಾನಿನಲ್ಲಿ ನಡೆದ ಅರವತ್ತು ವರ್ಷಗಳ ಕೆಲಸವಿದೆ. 1961ರ ಜನವರಿಯಲ್ಲಿ ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಡಾ. ತೊಮಿಸಾಕು ಕವಾಸಾಕಿ ನಾಲ್ಕು ವರ್ಷದ ಹುಡುಗನೊಬ್ಬನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಜ್ವರವನ್ನು ಕಂಡರು. ಮುಂದೆ ಅವರದೇ ಹೆಸರು ಪಡೆದ ಆ ಕಾಯಿಲೆಯ ಐವತ್ತು ಮಕ್ಕಳ ವಿವರವನ್ನು 1967ರಲ್ಲಿ ಬರೆದರು. ಆ ಲೇಖನದ ಹೊತ್ತಿಗೆ ಅದು ತಾನಾಗಿ ವಾಸಿಯಾಗುವ ಕಾಯಿಲೆ ಎಂಬ ನಂಬಿಕೆಯಿತ್ತು. ಗುಣವಾಗಿ ಮನೆಗೆ ಹೋದ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ತೀರಿಕೊಂಡು, ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳ ಊದಿ ಹೆಪ್ಪುಗಟ್ಟಿರುವುದು ಕಂಡಾಗ ಆ ನಂಬಿಕೆ ಉರುಳಿತು. ಬದುಕಿರುವ ಮಗುವಿನಲ್ಲೇ ಆ ಊತವನ್ನು ಕಾಣಬೇಕಿತ್ತು. 1975ರಲ್ಲಿ ಹಿರೋಹಿಸಾ ಕಾಟೊ ಮತ್ತು ಸಂಗಡಿಗರು ಆಂಜಿಯೋಗ್ರಾಂ ಮಾಡಿ ತೋರಿಸಿದರು. ಪುಟ್ಟ ಮಗುವಿನ ತೊಡೆಯಿಂದ ಹೃದಯದವರೆಗೆ ನಳಿಕೆ ತೂರಿಸುವುದು ಸಣ್ಣ ಮಾತಲ್ಲ. ವಾರಕ್ಕೊಮ್ಮೆ ಮಾಡುವ ಪರೀಕ್ಷೆಯಂತೂ ಅಲ್ಲ. ದಶಕ ಮುಗಿಯುವುದರೊಳಗೆ ಜಪಾನಿನ ವೈದ್ಯರೇ ಎರಡು ಆಯಾಮದ ಎಕೋದಲ್ಲಿ, ಚರ್ಮಕ್ಕೆ ಒಂದು ಗೀರೂ ಇಲ್ಲದೆ, ಅದೇ ಊತವನ್ನು ಹಿಡಿದರು. ಈ ಕ್ಷೇತ್ರದ ನಿಜವಾದ ತಿರುವು ಅದು ಎಂಬುದು ನನ್ನ ಅಭಿಪ್ರಾಯ. ನೋವಿಲ್ಲದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಹುದು; ಮತ್ತೆ ಮತ್ತೆ ನೋಡಿದ್ದರಿಂದಲೇ ಊತ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ತಿಳಿದದ್ದು. ಕಾಟೊ ತಂಡ 594 ಮಕ್ಕಳನ್ನು ಹತ್ತು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿತು. ಅವರಲ್ಲಿ ಸುಮಾರು ಕಾಲು ಭಾಗದ ಮಕ್ಕಳಿಗೆ ಊತ ಬಂದಿತ್ತು. ಊತ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಲ್ಲಿ ಅದು ಮುಂದೆ ಇಳಿದಿತ್ತು.

ಎಕೋ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಬ್ಬು ಬೆಳಕಿನ ಕೋಣೆ. ಮಗು ಅಳುತ್ತಿದ್ದರೆ ಚಿತ್ರ ಅಲುಗಾಡುತ್ತದೆ. ಹಾಗಾಗಿ ಎಳೆಯ ಮಕ್ಕಳಿಗೆ ಬಹಳ ಕಡೆ ನಿದ್ದೆಯ ಸಿರಪ್ ಕೊಟ್ಟು ಕಾಯುತ್ತಾರೆ. ಎದೆಗೆ ಜೆಲ್ ಹಚ್ಚಿ, ಸಣ್ಣ ಪ್ರೋಬನ್ನು ಎದೆಮೂಳೆಯ ಎಡ ಅಂಚಿಗೆ ಇಟ್ಟು, ಮಹಾಪಧಮನಿಯ ಕವಾಟ ದುಂಡಗೆ ಕಾಣುವವರೆಗೂ ಮೆಲ್ಲಗೆ ತಿರುಗಿಸುತ್ತಾರೆ. ಆ ದುಂಡಿನಿಂದ ಎಡಕ್ಕೊಂದು, ಬಲಕ್ಕೊಂದು ಕೊರೊನರಿ ರಕ್ತನಾಳ ಹೊರಡುತ್ತದೆ. ಐದು ವರ್ಷದ ಮಗುವಿನಲ್ಲಿ ಅದರ ಅಗಲ ಎರಡು ಮೂರು ಮಿಲಿಮೀಟರ್. ಚಿತ್ರವನ್ನು ಹಿಗ್ಗಿಸಿ, ಗೋಡೆಯ ಒಳ ಅಂಚಿನಿಂದ ಎದುರಿನ ಒಳ ಅಂಚಿಗೆ ಅಳೆಯುತ್ತಾರೆ. ಕವಲೊಡೆಯುವ ಜಾಗ ಸಹಜವಾಗಿಯೇ ಅಗಲವಿರುವುದರಿಂದ ಅಲ್ಲಿ ಅಳೆಯುವಂತಿಲ್ಲ. ಕೂದಲೆಳೆಯಷ್ಟು ತಪ್ಪಿದರೂ ಇಲ್ಲದ ಕಾಯಿಲೆ ಇದೆ ಎಂದಾಗುತ್ತದೆ, ಇಲ್ಲವೇ ಇರುವ ಕಾಯಿಲೆ ಕಣ್ತಪ್ಪುತ್ತದೆ.

ಅಳತೆ ಸಿಕ್ಕರೂ ಅದರ ಅರ್ಥ ಬೇರೆ ಪ್ರಶ್ನೆ. 1984ರ ಜಪಾನೀ ಮಾನದಂಡ ಸರಳವಾಗಿತ್ತು: ಐದು ವರ್ಷದೊಳಗಿನವರಿಗೆ ಮೂರು ಮಿಲಿಮೀಟರ್, ಅದಕ್ಕೆ ಮೇಲ್ಪಟ್ಟವರಿಗೆ ನಾಲ್ಕು, ಮೀರಿದರೆ ಊತ. ಆದರೆ ಹದಿಹರೆಯದ ಹುಡುಗನಲ್ಲಿ ಸಹಜವೆನಿಸುವ ಮೂರು ಮಿಲಿಮೀಟರ್ ಒಂದು ವರ್ಷದ ಕೂಸಿನಲ್ಲಿ ಗಂಭೀರ. ಹಾಗಾಗಿ ಎತ್ತರ, ತೂಕಗಳಿಂದ ದೇಹದ ಮೇಲ್ಮೈ ವಿಸ್ತೀರ್ಣ ಲೆಕ್ಕ ಹಾಕಿ, ಅಷ್ಟೇ ಗಾತ್ರದ ಆರೋಗ್ಯವಂತ ಮಕ್ಕಳ ಸರಾಸರಿಯಿಂದ ಈ ಅಳತೆ ಎಷ್ಟು ದೂರವಿದೆ ಎಂದು ಹೇಳುವ ಝಡ್ ಸ್ಕೋರ್ ಬಳಕೆಗೆ ಬಂತು. 2017ರ ಅಮೆರಿಕನ್ ಹೃದ್ರೋಗ ಸಂಘದ ಸೂಚಿಯಂತೆ 2.5 ದಾಟಿದರೆ ಅನ್ಯೂರಿಸಂ, ಅಂದರೆ ಬಲೂನಿನಂಥ ಊತ. 10 ಮುಟ್ಟಿದರೆ, ಇಲ್ಲವೇ ಅಗಲ 8 ಮಿ.ಮೀ. ಆದರೆ ಅತಿ ದೊಡ್ಡದು. ಮೂರು ವರ್ಷದ ನಂತರ ಕೋವಿಡ್ ಬಂದಾಗ ವೈದ್ಯರ ಕೈಯಲ್ಲಿದ್ದ ಅಳತೆಗೋಲು ಇದೇ.

ಆದರೆ ಹೊಸ ಕಾಯಿಲೆ ಹಳೆಯ ಕಾಯಿಲೆಯ ಪಡಿಯಚ್ಚಾಗಿರಲಿಲ್ಲ. ಕವಾಸಾಕಿ ಬಹುತೇಕ ಐದು ವರ್ಷದೊಳಗಿನವರದು; ಎಂಐಎಸ್-ಸಿ ಎಂಟು ಒಂಬತ್ತರ ಆಸುಪಾಸಿನ ಶಾಲಾ ಮಕ್ಕಳದು. ಕವಾಸಾಕಿಯಲ್ಲಿ ಪೆಟ್ಟು ಮುಖ್ಯವಾಗಿ ರಕ್ತನಾಳಕ್ಕೆ. ಇಲ್ಲಿ ಮೊದಲು ಸೋಲುವುದು ಹೃದಯದ ಸ್ನಾಯು. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ 35 ಮಕ್ಕಳ ಆರಂಭದ ವರದಿಯಲ್ಲಿ ಮೂರನೇ ಒಂದು ಪಾಲು ಮಕ್ಕಳ ಹೃದಯ ರಕ್ತ ಹೊರದೂಡುವ ಪ್ರಮಾಣ ಶೇ 30ಕ್ಕಿಂತ ಕೆಳಗಿಳಿದಿತ್ತು. ಹತ್ತು ಮಕ್ಕಳಿಗೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಎಕ್ಮೋ ಯಂತ್ರದ ಆಸರೆ ಬೇಕಾಯಿತು. ಎಲ್ಲರೂ ಬದುಕಿದರು. ಪ್ಯಾರಿಸ್ಸಿನ ವೈದ್ಯರು ನಾಲ್ಕು ಮಕ್ಕಳಿಗೆ ಹೃದಯದ ಎಂ.ಆರ್.ಐ. ಮಾಡಿದಾಗ ಸ್ನಾಯುವಿನ ತುಂಬ ನೀರೂತವಿತ್ತು, ಆದರೆ ಸತ್ತ ಸ್ನಾಯುವನ್ನೋ ಗಾಯದ ಕಲೆಯನ್ನೋ ಸೂಚಿಸುವ ಗುರುತು ಇರಲಿಲ್ಲ. ಕೇವಲ ನಾಲ್ಕು ಮಕ್ಕಳು, ನಿಜ. ಆದರೂ ಆ ದಿನಗಳ ಕತ್ತಲಲ್ಲಿ ಅದು ದೊಡ್ಡ ಭರವಸೆ: ಸ್ನಾಯು ಊದಿದೆ, ನಾಶವಾಗಿಲ್ಲ. ಮುಂದಿನ ಅಂಕಿಅಂಶ ಬಹುಮಟ್ಟಿಗೆ ಅದನ್ನೇ ಹೇಳಿತು. 2021ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಹೃದಯದ ಬಲ ಕುಗ್ಗಿದ್ದವರಲ್ಲಿ ಸುಮಾರು ಶೇ 91 ಮಕ್ಕಳು ಮೂವತ್ತು ದಿನದೊಳಗೆ ಸಹಜ ಸ್ಥಿತಿಗೆ ಮರಳಿದ್ದರು. ರಕ್ತನಾಳದ ಊತವೂ ಸುಮಾರು ಶೇ 79ರಷ್ಟು ಮಕ್ಕಳಲ್ಲಿ ಅಷ್ಟರೊಳಗೆ ಇಳಿದಿತ್ತು. ಈ ನಡುವೆ ಸ್ನಾಯುವಿನ ಎಳೆತವನ್ನೇ ಅಳೆಯುವ ‘ಸ್ಟ್ರೇನ್’ ಎಕೋ ಬಳಸಿದ ಫಿಲಡೆಲ್ಫಿಯಾದ ತಂಡ, ಹೊರದೂಡುವ ಪ್ರಮಾಣ ಸರಿಯಿದ್ದ ಮಕ್ಕಳಲ್ಲೂ ಸೂಕ್ಷ್ಮ ಬಳಲಿಕೆ ಅಡಗಿರುವುದನ್ನು ತೋರಿಸಿತು. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ ಎಂದು ವೈದ್ಯರು ಕಲಿತದ್ದು ಅಲ್ಲಿಂದ.

ಹೊಟ್ಟೆಯ ಕಥೆ ಇನ್ನೂ ಕಷ್ಟದ್ದು. ಬಲಭಾಗದ ಕೆಳಹೊಟ್ಟೆ ನೋವು, ಜ್ವರ, ವಾಂತಿ: ಯಾವ ಶಸ್ತ್ರವೈದ್ಯರಿಗಾದರೂ ಮೊದಲು ಹೊಳೆಯುವುದು ಅಪೆಂಡಿಸೈಟಿಸ್. ಕೆಲವು ಮಕ್ಕಳಿಗೆ ಆಪರೇಷನ್ ಆಗಿಯೂ ಹೋಯಿತು. ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಚಿತ್ರಗಳು ಬೇರೆಯದನ್ನು ಹೇಳುತ್ತಿದ್ದವು: ಸಣ್ಣ ಕರುಳಿನ ಕೊನೆಯ ಭಾಗದ ಗೋಡೆ ದಪ್ಪ, ಸುತ್ತ ಊದಿದ ದುಗ್ಧಗ್ರಂಥಿಗಳ ಗೊಂಚಲು, ಹೊಟ್ಟೆಯಲ್ಲಿ ಅಲ್ಲಲ್ಲಿ ನೀರು. ಎವೆಲಿನಾದ 35 ಮಕ್ಕಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಕಿರಣತಜ್ಞರು ಬಲಭಾಗದ ಕೆಳಹೊಟ್ಟೆಯ ಈ ಉರಿಯೂತವನ್ನು ಕಾಯಿಲೆಯ ಗುರುತುಗಳಲ್ಲಿ ಒಂದೆಂದು ದಾಖಲಿಸಿದರು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಇಷ್ಟು ಕಂಡ ತಕ್ಷಣ ಹೃದಯದ ಎಕೋ ಕೂಡ ಮಾಡಿಸಬೇಕು ಎಂಬ ತಿಳಿವಳಿಕೆ ಹಾಗೆ ಬೆಳೆಯಿತು. ಎದೆಯ ಎಕ್ಸ್‌ರೇಯಲ್ಲೂ ಇದೇ ಪಾಠ. ಶ್ವಾಸಕೋಶದ ಸುತ್ತ ನೀರು, ಹಿಗ್ಗಿದ ಹೃದಯದ ನೆರಳು ಕಂಡರೆ ಅದು ಬಹಳ ಸಲ ನ್ಯುಮೋನಿಯಾ ಆಗಿರುವುದಿಲ್ಲ. ಹೃದಯ ಸೋತು ನೀರು ತುಂಬಿರುತ್ತದೆ. ಮಿದುಳಿನ ಚಿತ್ರಗಳು ಕಡಿಮೆ ಮಕ್ಕಳಿಗೆ ಬೇಕಾದವು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ನಾಲ್ಕು ಮಕ್ಕಳಲ್ಲಿ ಎರಡೂ ಅರೆಮಿದುಳುಗಳನ್ನು ಬೆಸೆಯುವ ಪಟ್ಟಿಯ ಹಿಂಬದಿಯಲ್ಲಿ ಬದಲಾವಣೆ ಕಂಡಿತ್ತು.

ಭಾರತದಲ್ಲಿ ಚೆನ್ನೈ, ಮುಂಬೈ ವೈದ್ಯರು 2020ರಲ್ಲೇ ಪ್ರಕರಣಗಳನ್ನು ವರದಿ ಮಾಡಿದರು. ಕವಾಸಾಕಿ ವಿಷಯದಲ್ಲಿ ಹಳೆಯ ಅನುಭವವಿರುವ ಚಂಡೀಗಢದ ಪಿಜಿಐ ಸಂಸ್ಥೆ, ಎಕೋಗೆ ಎಟುಕದ ದೂರದ ರಕ್ತನಾಳಗಳನ್ನು ಕಡಿಮೆ ವಿಕಿರಣದ ಸಿ.ಟಿ. ಆಂಜಿಯೋದಲ್ಲಿ ನೋಡುವ ಕ್ರಮವನ್ನು ಮೊದಲೇ ಬೆಳೆಸಿತ್ತು. ಕರ್ನಾಟಕದಲ್ಲಿ 2021ರ ಎರಡನೇ ಅಲೆ ಇಳಿಯುತ್ತಿದ್ದಂತೆ ಮಕ್ಕಳ ವಾರ್ಡುಗಳಲ್ಲಿ ಈ ಜ್ವರ ಕಾಣಿಸಿಕೊಂಡಿತು. ಮಕ್ಕಳ ಹೃದ್ರೋಗತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವ ರಾಜ್ಯದಲ್ಲಿ, ವಯಸ್ಕರ ಎದೆಗೆಂದು ಮಾಡಿದ ಪ್ರೋಬ್ ಹಿಡಿದು ಕೂಸಿನ ಎರಡು ಮಿಲಿಮೀಟರಿನ ನಾಳ ಅಳೆಯುವುದು ಎಷ್ಟು ಕಷ್ಟ ಎಂಬುದು ಆಗ ಎಲ್ಲರಿಗೂ ಅರಿವಾಗಬೇಕಿತ್ತು. ಕೋಟಿಗಟ್ಟಲೆ ಬೆಲೆಯ ಎಂ.ಆರ್.ಐ. ಯಂತ್ರಕ್ಕಿಂತ ಮೊದಲು ಪ್ರತಿ ಜಿಲ್ಲಾ ಆಸ್ಪತ್ರೆಗೆ ಬೇಕಾದದ್ದು ಮಕ್ಕಳ ಪ್ರೋಬ್ ಮತ್ತು ಅದನ್ನು ಬಳಸಬಲ್ಲ ಒಬ್ಬ ತರಬೇತಿ ಪಡೆದ ವ್ಯಕ್ತಿ. ಅಮೆರಿಕದ ಸಂಧಿವಾತ ತಜ್ಞರ ಸಂಘದ ಸೂಚನೆಯಲ್ಲೂ ಮುಖ್ಯ ಸ್ಥಾನ ಎಕೋಗೇ: ಕಾಯಿಲೆ ಗೊತ್ತಾದಾಗ ಒಮ್ಮೆ, ಏಳರಿಂದ ಹದಿನಾಲ್ಕು ದಿನದೊಳಗೆ ಮತ್ತೊಮ್ಮೆ, ನಾಲ್ಕರಿಂದ ಆರು ವಾರಕ್ಕೆ ಮಗದೊಮ್ಮೆ. ಹೃದಯದ ಬಲ ಗಣನೀಯವಾಗಿ ಕುಗ್ಗಿದ್ದ ಮಕ್ಕಳಿಗೆ ಮಾತ್ರ ಎರಡರಿಂದ ಆರು ತಿಂಗಳ ನಡುವೆ ಎಂ.ಆರ್.ಐ. ಪರಿಗಣಿಸಬಹುದು.

ಒಮೈಕ್ರಾನ್ ನಂತರ ಎಂಐಎಸ್-ಸಿ ತೀರ ವಿರಳವಾಗಿದೆ. ಕವಾಸಾಕಿ ಮಾತ್ರ ಎಂದಿನಂತೆ ಇದೆ, ಅದಕ್ಕೂ ಬೇಕಾದದ್ದು ಇದೇ ಎಕೋ ಪರೀಕ್ಷೆ. ಹೀಗಾಗಿ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಜ್ವರ ಬಿಟ್ಟು ಮಗು ಆಡಿಕೊಂಡಿದ್ದರೂ ವೈದ್ಯರು ಬರೆದುಕೊಟ್ಟ ಎರಡನೇ, ಮೂರನೇ ಎಕೋ ತಪ್ಪಿಸಬೇಡಿ, ಹಳೆಯ ರಿಪೋರ್ಟುಗಳನ್ನು ಜತನವಾಗಿಡಿ. ಎಕೋ ಮಾಡುವವರಲ್ಲಿ ಇನ್ನೊಂದು: ರಿಪೋರ್ಟಿನಲ್ಲಿ ಮಿಲಿಮೀಟರಿನ ಪಕ್ಕದಲ್ಲಿ ಮಗುವಿನ ಎತ್ತರ, ತೂಕ ಮತ್ತು ಝಡ್ ಸ್ಕೋರನ್ನೂ ಬರೆಯಿರಿ.